ಬಾಯಿ ಒಣಗಿದಾಗ ಸಂಚಿ ಬಿಚ್ಚುವ ಮುನ್ನ

ಆಷಾಢದ ಮಳೆ. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಸೀಮೆಯಲ್ಲಿ ಈ ದಿನಗಳಲ್ಲಿ ಎಲ್ಲಿ ನೋಡಿದರೂ ನೀರು. ಹೆಂಚಿನ ಅಂಚಿನಿಂದ ನೀರು, ಕಾಫಿ ಗಿಡದ ಎಲೆಯಿಂದ ನೀರು, ಗದ್ದೆಯ ಬದುವಿನ ಮೇಲೂ ನೀರು. ಒಳಗೆ ಒಲೆಯ ಮುಂದೆ ಕುಳಿತ ಅಜ್ಜಿಯ ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ. ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಕುಡಿಯದಿದ್ದರೆ ಅದು ಒಳಗಿಳಿಯದು.

"ಇನ್ನೊಂದು ಹಾಕ್ಲಾ ಅತ್ತೆ?"

"ಬ್ಯಾಡ ಕಣವ್ವ, ಗಂಟ್ಲಲ್ಲಿ ಇಳಿಯಲ್ಲ."

ಊಟ ಅರ್ಧಕ್ಕೆ ಮುಗಿಯುತ್ತದೆ. ಅಜ್ಜಿ ಸೊಂಟದ ಸಂಚಿ ಬಿಚ್ಚುತ್ತಾರೆ. ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು, ಚೂರು ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತಿದರೆ ಎರಡೇ ನಿಮಿಷ, ಬಾಯಿ ತುಂಬ ನೀರು. "ಇದೊಂದು ಇಲ್ದಿದ್ರೆ ಬಾಯಿ ಬೆಂಡಾಗ್ತದೆ" ಎಂಬುದು ಅವರ ಮಾತು.

ಇಂಥ ಅಜ್ಜಿ ಹಾನುಬಾಳಿನಲ್ಲಿ ಮಾತ್ರವಲ್ಲ, ಆಲೂರಿನಲ್ಲೂ ಸಿಗುತ್ತಾರೆ, ಬೆಂಗಳೂರಿನಲ್ಲೂ ಸಿಗುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಅಜ್ಜಿ ಸಂಚಿಯೇ ಮದ್ದು ಎಂದು ನಂಬುತ್ತಾರೆ. ಇವೆರಡೂ ತಪ್ಪು. ಮೊದಲನೆಯ ತಪ್ಪಿನಿಂದ ಹಲ್ಲು ಹೋಗಬಹುದು. ಎರಡನೆಯ ತಪ್ಪಿನಿಂದ ಜೀವವೇ ಹೋಗಬಹುದು.

ಒಂದೇ ರಸ, ಹಲವು ಹೆಸರು

ಬಾಯೊಳಗೆ ಇದ್ದರೆ ಲಾಲಾರಸ, ಹೊರಗೆ ಹಾಕಿದರೆ ಉಗುಳು, ತುಟಿ ದಾಟಿ ಸುರಿದರೆ ಜೊಲ್ಲು, ಇನ್ನೊಬ್ಬರಿಗೆ ತಾಗಿದರೆ ಎಂಜಲು. ಕನ್ನಡದಲ್ಲಿ ಈ ದ್ರವಕ್ಕೆ ಇಷ್ಟು ಹೆಸರುಗಳಿದ್ದರೂ ಮರ್ಯಾದೆ ಮಾತ್ರ ಕಡಿಮೆ. ಅದರ ಬೆಲೆ ತಿಳಿಯುವುದು ಅದು ಬತ್ತಿದಾಗಲೇ.

ಲಾಲಾರಸದಲ್ಲಿ ಶೇ. 99ಕ್ಕೂ ಹೆಚ್ಚು ಪಾಲು ನೀರು. ಆರೋಗ್ಯವಂತನ ದೇಹ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ವರೆಗೆ ಇದನ್ನು ತಯಾರಿಸುತ್ತದೆ. ಕಿವಿಯ ಮುಂದೆ ಕೆನ್ನೆಯೊಳಗೆ ಒಂದು ಜೊತೆ, ಕೆಳದವಡೆಯ ಒಳಬದಿಯಲ್ಲಿ ಒಂದು ಜೊತೆ, ನಾಲಗೆಯ ಕೆಳಗೆ ಒಂದು ಜೊತೆ, ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ತುಟಿ, ಕೆನ್ನೆ, ಅಂಗುಳಗಳಲ್ಲಿ ಹರಡಿಕೊಂಡ ನೂರಾರು ಪುಟಾಣಿ ಗ್ರಂಥಿಗಳು ಬೇರೆ. ಕನ್ನಡಿಯ ಮುಂದೆ ನಿಂತು ಕೆನ್ನೆಯನ್ನು ಹೊರಕ್ಕೆಳೆದು ನೋಡಿದರೆ ಮೇಲಿನ ಎರಡನೆಯ ದವಡೆಹಲ್ಲಿನ ಎದುರು ಒಂದು ಸಣ್ಣ ಉಬ್ಬು ಕಾಣುತ್ತದೆ. ಕೆನ್ನೆಯ ಗ್ರಂಥಿಯಿಂದ ಬರುವ ನಾಳದ ಬಾಯಿ ಅದು.

ಉಳಿದ ಶೇ. 1ರಷ್ಟು ಪಾಲಿನಲ್ಲಿ ಇಡೀ ಔಷಧಾಲಯವೇ ಅಡಗಿದೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಅದರಲ್ಲಿದೆ. ಬರಿಯ ಅನ್ನವನ್ನು ನುಂಗದೆ ಎರಡು ನಿಮಿಷ ಅಗಿದರೆ ಸಿಹಿಯಾಗುವುದು ಇದರಿಂದಲೇ. ಆಮ್ಲವನ್ನು ತಣಿಸುವ ಬೈಕಾರ್ಬನೇಟ್, ಹಲ್ಲಿನ ಸವೆದ ಪದರವನ್ನು ಮತ್ತೆ ಕಟ್ಟುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ರೋಗಾಣುಗಳನ್ನು ಕೊಲ್ಲುವ ಲೈಸೋಜೈಮ್ ಕೂಡ ಅಲ್ಲಿವೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸುತ್ತವೆ. ಹಲ್ಲಿನ ಮೇಲೆ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಅದನ್ನು ಮತ್ತೆ ಮೇಲೆತ್ತುವುದು ಲಾಲಾರಸ. ಅದಿಲ್ಲದಿದ್ದರೆ ಹಲ್ಲು ಬುಡದಲ್ಲೇ ಕೊಳೆಯುತ್ತದೆ, ನಾಲಗೆ ಸೀಳುತ್ತದೆ, ಬಾಯಿ ಉರಿಯುತ್ತದೆ, ಬಿಳಿಯ ಬೂಷ್ಟು ಕಟ್ಟುತ್ತದೆ. ರುಚಿ ಕೆಡುತ್ತದೆ. ಒಣಬಾಯಿಯವರ ಹಲ್ಲಿನ ಸೆಟ್ಟು ಕೂಡ ಗಟ್ಟಿಯಾಗಿ ಕೂರುವುದಿಲ್ಲ.

ಗ್ರಂಥಿಯ ಬೀಗ, ಮಲೆನಾಡಿನ ಮೂರು ಕೀಲಿ

ಹುಣಸೆಹಣ್ಣು ನೆನೆದರೇ ಬಾಯಲ್ಲಿ ನೀರೂರುತ್ತದೆ. ಮಿದುಳಿನಿಂದ ಹೊರಟ ನರ ಗ್ರಂಥಿಯ ಬಾಗಿಲಿಗೆ ಬಂದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಗ್ರಂಥಿಯ ಜೀವಕೋಶಗಳ ಮೇಲಿರುವ ಬೀಗಕ್ಕೆ ಅದು ಕೀಲಿ. ಕೀಲಿ ತಿರುಗಿತೆಂದರೆ ರಸ ಹರಿಯಿತು. ಕೆಲಸ ಮುಗಿದೊಡನೆ ಒಂದು ಕಿಣ್ವ ಬಂದು ಆ ಕೀಲಿಯನ್ನು ಮುರಿದುಹಾಕುತ್ತದೆ, ಹರಿವು ತಗ್ಗುತ್ತದೆ.

ಈ ಬೀಗದ ಜೊತೆ ಆಟವಾಡುವ ಮೂರು ವಸ್ತುಗಳು ಹಾನುಬಾಳಿನಂಥ ಕಾಫಿ ಸೀಮೆಯಲ್ಲಿ ಕೈಗೆಟುಕುವ ದೂರದಲ್ಲೇ ಇವೆ.

ಮೊದಲನೆಯದು ಅಡಿಕೆ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ನರದ ಕೀಲಿಗೆ ನಕಲಿ ಕೀಲಿ. ಬೀಗಕ್ಕೆ ಸರಿಯಾಗಿ ಕೂರುತ್ತದೆ, ರಸ ಹರಿಯುತ್ತದೆ. ಅಜ್ಜಿಯ ಅನುಭವ ಸುಳ್ಳಲ್ಲ ಎಂದಾಯಿತು.

ಎರಡನೆಯದು ರಸ್ತೆ ಬದಿಯ ದತ್ತೂರಿ. ಅದರ ಬೀಜ, ಎಲೆಗಳಲ್ಲಿರುವ ಅಟ್ರೋಪಿನ್ ಮತ್ತು ಅದರ ಸೋದರ ರಾಸಾಯನಿಕಗಳು ಬೀಗದ ಕಂಡಿಗೆ ಮೇಣ ಮೆತ್ತಿದಂತೆ ಮುಚ್ಚಿಬಿಡುತ್ತವೆ. ಕೀಲಿ ಒಳಹೋಗದು. ದತ್ತೂರಿ ತಿಂದವನ ಬಾಯಿ ಒಣಗಿ, ಮೈ ಕೆಂಪೇರಿ, ಕಣ್ಣಿನ ಪಾಪೆ ಹಿಗ್ಗಿ, ಬುದ್ಧಿ ಕದಡುವುದು ಹೀಗೆ.

ಮೂರನೆಯದು ತೋಟದ ಉಗ್ರಾಣದಲ್ಲಿರುವ ಡಬ್ಬಿ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಕೀಲಿ ಮುರಿಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕೀಲಿ ಬೀಗದಲ್ಲೇ ತಿರುಗುತ್ತ ಉಳಿಯುತ್ತದೆ. ಬಾಯಿಂದ ಜೊಲ್ಲು, ಕಣ್ಣಿಂದ ನೀರು, ಮೈಯೆಲ್ಲ ಬೆವರು, ಪಾಪೆ ಸೂಜಿಮೊನೆಯಷ್ಟು ಸಣ್ಣದು. ಕೊನೆಗೆ ಶ್ವಾಸಕೋಶದಲ್ಲೂ ನೀರು ತುಂಬಿ ಉಸಿರು ಕಟ್ಟುತ್ತದೆ. ವಿಷವನ್ನು 'ಔಷಧಿ' ಎಂದೇ ಕರೆಯುವ ನಮ್ಮ ಕಡೆ ಇದನ್ನು ಒತ್ತಿ ಹೇಳಬೇಕು. ಸಿಂಪಡಿಸುವವನಿಗೆ ಇದ್ದಕ್ಕಿದ್ದಂತೆ ಜೊಲ್ಲು ಸುರಿಯತೊಡಗಿದರೆ ಅದು ಸುಸ್ತಲ್ಲ, ವಿಷ. ಬಟ್ಟೆ ಕಳಚಿಸಿ, ಸೋಪು ನೀರಿನಿಂದ ಮೈ ತೊಳೆದು, ಡಬ್ಬಿಯ ಚೀಟಿ ಸಮೇತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ವಾಂತಿ ಮಾಡಿಸಬಾರದು. ಅಲ್ಲಿ ವೈದ್ಯರು ಚುಚ್ಚುವುದು ಇದೇ ಅಟ್ರೋಪಿನ್! ದತ್ತೂರಿಯಲ್ಲಿ ವಿಷವಾಗಿದ್ದದ್ದು ಅಳತೆಯಲ್ಲಿ ಕೊಟ್ಟಾಗ ಇಲ್ಲಿ ಜೀವ ಉಳಿಸುತ್ತದೆ.

ಮೂರೂ ಕೀಲಿಗಳ ಕಥೆ ಗೊತ್ತಾದರೆ ಲಾಲಾರಸದ ತೊಂದರೆಗಳೂ ಅವುಗಳ ಚಿಕಿತ್ಸೆಯೂ ಅರ್ಧ ಅರ್ಥವಾದಂತೆ.

ಬಾಯಿ ಏಕೆ ಒಣಗುತ್ತದೆ?

ಹೆದರಿಕೆಯಿಂದ ಒಣಗುತ್ತದೆ. ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ 'ತಂಡುಲ' ಎಂಬ ದಿವ್ಯವಿತ್ತು. ಕಳ್ಳತನದ ಆರೋಪ ಹೊತ್ತವನಿಗೆ ಅಕ್ಕಿ ಅಗಿದು ಉಗುಳಲು ಹೇಳುತ್ತಿದ್ದರು. ಭಯದಿಂದ ಬಾಯೊಣಗಿದವನಿಗೆ ಅದು ಕಷ್ಟ. ಆದರೆ ನಿರಪರಾಧಿಗೂ ಭಯವಾಗುತ್ತದಲ್ಲ! ಇಂದು ಅದೇ ಪರೀಕ್ಷೆ ಇಟ್ಟರೆ ನೆಗಡಿಯ ಮಾತ್ರೆ ನುಂಗಿದವರೆಲ್ಲ ಕಳ್ಳರಾಗಿಬಿಡುತ್ತಾರೆ.

ಇದು ತಮಾಷೆಯ ಮಾತಲ್ಲ. ದೀರ್ಘಕಾಲದ ಒಣಬಾಯಿಗೆ ಅತಿ ಸಾಮಾನ್ಯ ಕಾರಣ ಮಾತ್ರೆಗಳೇ. ನೆಗಡಿ, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮೈನ್, ಮನಸ್ಸಿನ ಬೇನೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಪದೇಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಆಕ್ಸಿಬ್ಯುಟಿನಿನ್, ಶಿರಾಡಿ ಘಾಟಿಯ ತಿರುವುಗಳಿಗೆ ಹೆದರಿ ಬಸ್ಸು ಹತ್ತುವ ಮುಂಚೆ ನುಂಗುವ ಪ್ರೋಮೆಥಜಿನ್, ಇವೆಲ್ಲ ಹೆಚ್ಚು ಕಡಿಮೆ ದತ್ತೂರಿಯ ದಾರಿಯಲ್ಲೇ ಬೀಗ ಮುಚ್ಚುತ್ತವೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನೇ ಕಡಿಮೆ ಮಾಡುತ್ತವೆ. ಒಂದೊಂದಾಗಿ ನೋಡಿದರೆ ಸಣ್ಣ ಪರಿಣಾಮ. ಬಿ.ಪಿ.ಗೆ ಒಬ್ಬ ವೈದ್ಯರು, ನಿದ್ದೆಗೆ ಇನ್ನೊಬ್ಬರು, ಕೆಮ್ಮಿಗೆ ಅಂಗಡಿಯವನು ಕೊಟ್ಟದ್ದು ಸೇರಿದಾಗ ಬಾಯಿ ಬತ್ತುತ್ತದೆ. ವಯಸ್ಸಾದವರ ಬಾಯಿ ಒಣಗುವುದಕ್ಕೆ ವಯಸ್ಸಿಗಿಂತ ಅವರ ಮಾತ್ರೆಯ ಚೀಲವೇ ಹೆಚ್ಚಾಗಿ ಕಾರಣ.

ಎರಡನೆಯ ಕಾರಣ ಸಕ್ಕರೆ ಕಾಯಿಲೆ. ಹತೋಟಿ ತಪ್ಪಿದಾಗ ಮೂತ್ರದಲ್ಲಿ ನೀರು ಹೋಗಿ ಬಾಯಿ ಒಣಗುತ್ತದೆ. ಎಷ್ಟೋ ಜನರಿಗೆ ಕಾಯಿಲೆ ಇದೆಯೆಂದು ಮೊದಲು ತಿಳಿಸುವುದೇ ಈ ಬಾಯಾರಿಕೆ.

ಮೂರನೆಯದು ಹೆಚ್ಚು ಜನ ಕೇಳದ ರೋಗ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಒಂದು ಪ್ರಬಂಧ ಬರೆದರು. ಅವರ ಬಳಿ ಬಂದ 19 ಮಹಿಳೆಯರಿಗೆ ಕಣ್ಣು ಒಣಗುತ್ತಿತ್ತು. ಅವರಲ್ಲಿ ಅನೇಕರಿಗೆ ಬಾಯಿಯೂ ಒಣಗುತ್ತಿತ್ತು, ಕೀಲುಗಳೂ ನೋಯುತ್ತಿದ್ದವು. ದೇಹದ ರಕ್ಷಣಾ ಪಡೆ ತನ್ನದೇ ಗ್ರಂಥಿಗಳನ್ನು ಶತ್ರುವೆಂದು ತಿಳಿದು ಮುತ್ತುವ ಈ ಕಾಯಿಲೆಗೆ ಈಗ ಅವರದೇ ಹೆಸರು. ರೋಗಿಗಳಲ್ಲಿ ಬಹುಪಾಲು ನಡುವಯಸ್ಸು ಮುಟ್ಟಿದ ಹೆಂಗಸರು. ಬಾಯಿ ಒಣಗುವುದರ ಜೊತೆ ಕಣ್ಣಿನಲ್ಲಿ ಮರಳು ಬಿದ್ದಂತಾದರೆ, ಈರುಳ್ಳಿ ಹೆಚ್ಚಿದರೂ ಕಣ್ಣೀರು ಬಾರದಿದ್ದರೆ ಈ ಅನುಮಾನ ಪಡಬೇಕು. ರಕ್ತಪರೀಕ್ಷೆ ಮತ್ತು ಕೆಳತುಟಿಯ ಒಳಗಿಂದ ತೆಗೆದ ಚೂರಿನ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಈ ರೋಗಿಗಳಲ್ಲಿ ಕೆಲವರಿಗೆ ಮುಂದೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹೆಚ್ಚು. ಆದ್ದರಿಂದ ವರ್ಷವರ್ಷವೂ ತಪಾಸಣೆ ಬೇಕು.

ನಾಲ್ಕನೆಯ ಕಾರಣ ನಮ್ಮನ್ನು ಮತ್ತೆ ಸಂಚಿಗೇ ತಂದು ನಿಲ್ಲಿಸುತ್ತದೆ.

ಸಂಚಿಯ ಸಾಲ

ಅಡಿಕೆ ಬಾಯಲ್ಲಿ ನೀರೂರಿಸುತ್ತದೆ, ನಿಜ. ಆದರೆ ಅದು ಸಾಲ ಮಾಡಿ ತಂದ ನೀರು. ಅದೇ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರಿನಂಥ ಅಂಗಾಂಶ ಬೆಳೆಯುವಂತೆ ಪ್ರಚೋದಿಸುತ್ತದೆ. ವರ್ಷಗಟ್ಟಲೆ ಅಗಿದವರಲ್ಲಿ ಕೆನ್ನೆ ಬಿಳಿಚಿ, ಬಿರುಸಾಗಿ, ಖಾರ ತಾಗಿದರೆ ಉರಿಯುತ್ತದೆ. ಬಾಯಿ ಅಗಲಿಸಲು ಆಗದು. ಮೂರು ಬೆರಳು ಸಾಲಾಗಿ ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಲು ಆಗದಿದ್ದರೆ ದಂತವೈದ್ಯರನ್ನು ಕಾಣಲೇಬೇಕು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಸ್ಥಿತಿ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯನ್ನು ಕೂಡ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನಷ್ಟು.

ಕಾಫಿ ಗಿಡದ ನಡುವೆ ಅಡಿಕೆ ಬೆಳೆದು ಬದುಕುವ ಸೀಮೆಯಲ್ಲಿ ಈ ಮಾತು ಕಹಿ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯವೂ ನಮ್ಮದೇ. ಆದರೆ ಬೆಳೆಗಾರನ ಲೆಕ್ಕ ಬೇರೆ, ಬಾಯಿಯ ಲೆಕ್ಕ ಬೇರೆ. ಮದುವೆ ಮುಂಜಿಯಲ್ಲಿ ತಾಂಬೂಲ ಕೊಡುವುದು ಒಂದು, ದಿನಕ್ಕೆ ಹತ್ತು ಬಾರಿ ದವಡೆಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು.

ಬಾಯಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ಜೊತೆ ಅನೇಕರಿಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಇಂಥ ರೋಗಿಗಳು ಬರುತ್ತಾರೆ. ಗಡ್ಡೆಯನ್ನು ಸುಡುವ ಕಿರಣ ದಾರಿಯಲ್ಲಿರುವ ಲಾಲಾಗ್ರಂಥಿಗಳನ್ನೂ ಸುಡುತ್ತದೆ. ಚಿಕಿತ್ಸೆಯ ಮೊದಲ ಒಂದೆರಡು ವಾರಗಳಲ್ಲೇ ಬಾಯಿ ಬತ್ತತೊಡಗುತ್ತದೆ. ಕೆಲವರಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ನೀರೂರಿಸಲೆಂದು ಹಾಕಿದ ಅಡಿಕೆಯೇ ಕಡೆಗೆ ನೀರಿನ ಸೆಲೆಯನ್ನು ಬತ್ತಿಸಿದಂತೆ.

ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಕಿರಣದ ತೀವ್ರತೆಯನ್ನು ಜಾಗಜಾಗಕ್ಕೆ ಬದಲಿಸಿ ಕೆನ್ನೆಯ ಗ್ರಂಥಿಯನ್ನು ಉಳಿಸುವ ಐಎಂಆರ್‌ಟಿ ವಿಧಾನ ಈಗ ಇದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಾಗಿ ಒಂದು ವರ್ಷದ ನಂತರ ಹಳೆಯ ವಿಧಾನದವರಲ್ಲಿ ಶೇ. 74 ಮಂದಿಗೆ ಗಣನೀಯ ಒಣಬಾಯಿ ಇತ್ತು. ಹೊಸ ವಿಧಾನದಲ್ಲಿ ಅದು ಶೇ. 38ಕ್ಕೆ ಇಳಿಯಿತು. ವಿಕಿರಣ ಆರಂಭವಾಗುವ ಮುಂಚೆಯೇ ಕೆಟ್ಟ ಹಲ್ಲುಗಳನ್ನು ಕೀಳಿಸಿ, ಉಳಿದವನ್ನು ಸರಿಪಡಿಸಿಕೊಳ್ಳುವುದೂ ಮುಖ್ಯ. ಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ.

ಪರೀಕ್ಷೆ ಮತ್ತು ಚಿಕಿತ್ಸೆ

ಪರೀಕ್ಷೆ ಬಹಳ ಸರಳ. ರೋಗಿಯನ್ನು ಸುಮ್ಮನೆ ಕೂರಿಸಿ, 15 ನಿಮಿಷ ಬಾಯಲ್ಲಿ ಊರಿದ್ದನ್ನೆಲ್ಲ ಅಳತೆಯ ಬಟ್ಟಲಿಗೆ ಉಗುಳಲು ಹೇಳುತ್ತಾರೆ. ಸಾಮಾನ್ಯವಾಗಿ ಒಂದು ಟೀ ಚಮಚದಷ್ಟು, ಅಂದರೆ ನಾಲ್ಕೈದು ಮಿಲಿಲೀಟರ್ ಸಿಗುತ್ತದೆ. ಒಂದೂವರೆ ಮಿಲಿಲೀಟರ್ ಅಥವಾ ಅದಕ್ಕೂ ಕಡಿಮೆಯಾದರೆ ಗ್ರಂಥಿ ಸೋತಿದೆ ಎಂದರ್ಥ.

ಚಿಕಿತ್ಸೆಯ ಮೊದಲ ಮೆಟ್ಟಿಲು ಮಾತ್ರೆಗಳ ಲೆಕ್ಕ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದಿಡಬೇಕು. ಯಾವುದನ್ನು ಬಿಡಬಹುದು, ಯಾವುದಕ್ಕೆ ಬದಲಿ ಇದೆ, ಯಾವುದನ್ನು ರಾತ್ರಿಯ ಬದಲು ಬೆಳಿಗ್ಗೆ ಕೊಡಬಹುದು ಎಂದು ಅವರು ನೋಡುತ್ತಾರೆ. ಬಿ.ಪಿ. ಅಥವಾ ಮನೋರೋಗದ ಮಾತ್ರೆಯನ್ನು ತಾವೇ ನಿಲ್ಲಿಸುವುದು ಮಾತ್ರ ಅಪಾಯ.

ಎರಡನೆಯ ಮೆಟ್ಟಿಲು, ಉಳಿದಿರುವ ಗ್ರಂಥಿಗೆ ಕೆಲಸ ಕೊಡುವುದು. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯಬಹುದು. ಅದರಲ್ಲಿ ಜೈಲಿಟಾಲ್ ಇದ್ದರೆ ಒಳ್ಳೆಯದು. ಪೆಪ್ಪರ್‌ಮಿಂಟು, ಕಲ್ಲುಸಕ್ಕರೆ ಚೀಪುವುದು ಮಾತ್ರ ಬೇಡ. ರಸವಿಲ್ಲದ ಬಾಯಲ್ಲಿ ಸಕ್ಕರೆ ಹಲ್ಲಿಗೆ ನೇರ ಶತ್ರು. ಲಿಂಬೆ ಹೋಳು ಸದಾ ಚಪ್ಪರಿಸಿದರೂ ಆಮ್ಲ ಹಲ್ಲನ್ನು ಕರಗಿಸುತ್ತದೆ. ನೀರನ್ನು ಒಮ್ಮೆಗೇ ಚೊಂಬುಗಟ್ಟಲೆ ಕುಡಿಯುವ ಬದಲು ಗುಟುಕು ಗುಟುಕಾಗಿ ಕುಡಿಯಬೇಕು. ಸಕ್ಕರೆ ಹಾಕಿದ ಕಾಫಿಯನ್ನು ಗಂಟೆಗೊಮ್ಮೆ ಹೀರುವ ಅಭ್ಯಾಸವನ್ನು ಕಾಫಿ ಸೀಮೆಯವರೂ ಬಿಡಬೇಕಾಗುತ್ತದೆ.

ಮೂರನೆಯದು ಕೃತಕ ಲಾಲಾರಸ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಂಥ ಅಂಟುಪದಾರ್ಥ ಬೆರೆಸಿದ ಈ ದ್ರವವನ್ನು ಊಟದ ಮುಂಚೆ, ಮಲಗುವ ಮುಂಚೆ ಬಾಯಿಗೆ ಸಿಂಪಡಿಸಿಕೊಳ್ಳುತ್ತಾರೆ. ಇದು ತೇವ ಕೊಡುತ್ತದೆ, ಆದರೆ ನಿಜವಾದ ಲಾಲಾರಸದ ಎಲ್ಲ ಕೆಲಸ ಮಾಡುವುದಿಲ್ಲ. ಹೀಗಾಗಿ ಫ್ಲೋರೈಡ್ ಪೇಸ್ಟು ತಪ್ಪದೆ ಬಳಸಬೇಕು. ಬೇಕಾದರೆ ದಂತವೈದ್ಯರು ಹೆಚ್ಚು ಫ್ಲೋರೈಡ್ ಇರುವ ಲೇಪ ಹಚ್ಚುತ್ತಾರೆ. ಬೂಷ್ಟು ಕಟ್ಟಿದ್ದರೆ ಅದಕ್ಕೆ ಬೇರೆ ಔಷಧಿ.

ನಾಲ್ಕನೆಯದು ಪೈಲೋಕಾರ್ಪಿನ್ ಮಾತ್ರೆ. ಇದರ ಮೂಲ ಬ್ರೆಜಿಲ್ ದೇಶದ ಜಬೊರಾಂಡಿ ಎಂಬ ಗಿಡ. ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಆ ಹೆಸರಿಗೆ ಜೊಲ್ಲು ಸುರಿಸುವಂಥದ್ದು ಎಂದೇ ಅರ್ಥ. 1875ರಲ್ಲಿ ಅದರಿಂದ ಪೈಲೋಕಾರ್ಪಿನ್ ಬೇರ್ಪಡಿಸಿದರು. ವಿಕಿರಣದಿಂದಾದ ಒಣಬಾಯಿಗೆ ಇದರ ಮಾತ್ರೆಗಳಿಗೆ ಅಮೆರಿಕ 1994ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸ ಮಾಡುವ ಬಗೆ ಅಡಿಕೆಯ ಅರೆಕೋಲಿನ್‌ನಂತೆಯೇ, ಅದೇ ಬೀಗಕ್ಕೆ ನಕಲಿ ಕೀಲಿ. ಹಾಗಿದ್ದರೆ ಅಡಿಕೆಯೇ ಏಕೆ ಬೇಡ ಎಂದು ಕೇಳಬಹುದು. ಮಾತ್ರೆಯಲ್ಲಿ ಇರುವುದು ಅಳೆದ ಮಿಲಿಗ್ರಾಂ, ಕೆನ್ನೆಯನ್ನು ಉಜ್ಜುವ ನಾರಿಲ್ಲ, ಸುಡುವ ಸುಣ್ಣವಿಲ್ಲ, ಹೊಗೆಸೊಪ್ಪಿನ ವಿಷವಿಲ್ಲ. ಹಾಗೆಂದು ಮಾತ್ರೆಯೂ ನಿರಪಾಯವಲ್ಲ. ಬೆವರು ಧಾರಾಳವಾಗಿ ಬರುತ್ತದೆ. ಹತೋಟಿಗೆ ಬಾರದ ಆಸ್ತಮಾ ಇದ್ದವರು, ಕೆಲವು ಬಗೆಯ ಗ್ಲಾಕೋಮಾ ಇದ್ದವರು ತೆಗೆದುಕೊಳ್ಳಬಾರದು. ಗ್ರಂಥಿ ಪೂರ್ತಿ ಸತ್ತಿದ್ದರೆ ಫಲವೂ ಇಲ್ಲ, ಬೀಗವೇ ಇಲ್ಲದ ಬಾಗಿಲಿಗೆ ಕೀಲಿ ಇಟ್ಟಂತೆ.

ಉಕ್ಕಿದಾಗ, ಊದಿದಾಗ

ಜೊಲ್ಲು ಹೆಚ್ಚಾಯಿತೆಂದು ಬರುವವರಲ್ಲಿ ಹಲವರಿಗೆ ಉತ್ಪತ್ತಿ ಹೆಚ್ಚಿರುವುದಿಲ್ಲ, ನುಂಗುವುದು ಕಡಿಮೆಯಾಗಿರುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಹಿರಿಯರು, ಮಿದುಳಿನ ಪೆಟ್ಟಿನಿಂದ ಹುಟ್ಟಿನಿಂದಲೇ ಸ್ನಾಯುಗಳ ಹಿಡಿತ ತಪ್ಪಿದ ಮಕ್ಕಳು ಈ ಗುಂಪಿನವರು. ಅಂಥ ಮಗುವನ್ನು ಗದರಿಸಿ ಫಲವಿಲ್ಲ. ನುಂಗುವ ತರಬೇತಿ, ಬೀಗ ಮುಚ್ಚುವ ಗ್ಲೈಕೋಪೈರೋಲೇಟ್‌ನಂಥ ಔಷಧಿ, ಗ್ರಂಥಿಗೆ ಬಾಟ್ಯುಲಿನಮ್ ಚುಚ್ಚುಮದ್ದು ಇವುಗಳಿಂದ ಪ್ರಯೋಜನವಿದೆ.

ಊಟಕ್ಕೆ ಕುಳಿತಾಗಲೇ ದವಡೆಯ ಕೆಳಗೆ ಊದಿ, ಊಟವಾದ ಮೇಲೆ ಇಳಿದರೆ ನಾಳದಲ್ಲಿ ಕಲ್ಲು ಸಿಕ್ಕಿರಬಹುದು. ಸಣ್ಣದಾದರೆ ನೀವಿ ಹೊರತರಬಹುದು, ದೊಡ್ಡದಾದರೆ ವೈದ್ಯರು ತೆಗೆಯುತ್ತಾರೆ. ಮಕ್ಕಳ ಕೆನ್ನೆ ಜ್ವರದೊಂದಿಗೆ ಊದಿದರೆ ಅದು ಮಂಗನಬಾವು, ವೈರಸ್ ಕಾಯಿಲೆ. ಬಂಗಾರದ ಸರ ತೊಡಿಸಿದರೂ ತೊಡಿಸದಿದ್ದರೂ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಐದು ದಿನ ಶಾಲೆಗೆ ಕಳುಹಿಸಬಾರದು. ವೃಷಣ ಊದಿದರೆ, ವಿಪರೀತ ತಲೆನೋವು ಬಂದರೆ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲದೆ ಒಂದೇ ಕಡೆ ನಿಧಾನವಾಗಿ ಬೆಳೆಯುವ ಗಂಟನ್ನು ಮಾತ್ರ ಎಂದೂ ಅಲಕ್ಷಿಸಬಾರದು.

ಮತ್ತೆ ಒಲೆಯ ಮುಂದಿನ ಅಜ್ಜಿಯ ಬಳಿಗೆ. ಮುಂದಿನ ಬಾರಿ ಪೇಟೆಗೆ ಹೋಗುವಾಗ ಸೊಸೆ ಮಾಡಬೇಕಾದದ್ದು ಇಷ್ಟೇ. ಗೂಡಿನಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಅತ್ತೆಯನ್ನು ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು, ಸಕ್ಕರೆ ಅಂಶ ನೋಡಿಸುವುದು, ಬಾಯಿ ಅಗಲಿಸಿ ಕೆನ್ನೆ ತೋರಿಸುವುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ದಂತ ವೈದ್ಯಕೀಯ ಕಾಲೇಜೂ ಇದೆ. ಒಂದು ಮಾತ್ರೆ ಬದಲಿಸಿದರೆ ಸಾಕಾಗುವ ತೊಂದರೆ ಇದ್ದರೂ ಇರಬಹುದು. ಆಗ ಅಜ್ಜಿ ಎರಡನೆಯ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಳ್ಳುತ್ತಾರೆ, ಸಂಚಿಯ ನೆನಪೂ ನಿಧಾನವಾಗಿ ಕಡಿಮೆಯಾದೀತು.